ಬೆಟ್ಟದ ಸಂಜೆಯ ಚಿತ್ರ



ಈ ಹೊತ್ತು ನಾವು ಮಾತನಾಡಬೇಕಾಗಿರುವುದು ಬಣ್ಣವನ್ನು ಕುರಿತು. ಬಣ್ಣವು ಕಣ್ಣಿಗೆ ಸೇರಿದ್ದು. ಆಕಾಶವಾಣಿಯಾದರೋ ಕಿವಿಗೆ ಸೇರಿದ್ದು. ಚಿತ್ರವನ್ನು ಮುಂದಿಟ್ಟುಕೊಂಡು ಬೆರಳು ಮಾಡಿ ತೋರಿಸಬೇಕಾದ ವಿಷಯವನ್ನು ಬರಿಯ ಮಾತಿನಿಂದ ತಿಳಿಸಹೊರಡುವುದು ಸಾಹಸವೇ ಸರಿ. ಆದರೆ ನಮಗೆ ಒಂದು ಧೈರ್ಯವುಂಟು. ಬೆಟ್ಟದ ಹಿಂದೆ ಸೂರ್ಯನು ಮುಳುಗುವುದನ್ನು ನೋಡದವರು ನಮ್ಮ ನಾಡಿನಲ್ಲಿ ಯಾರೂ ಇರಲಾರರು. ನಾವು ಜ್ಞಾಪಕ ಮಾಡಿಕೊಟ್ಟರೆ ಸಾಕು; ಬಣ್ಣವನ್ನು ನೀವೇ ತುಂಬಿಕೊಳ್ಳುವಿರಿ.

ಧೈರ್ಯಕ್ಕೆ ಕಾರಣವಾದ ಈ ಪರಿಚಯವೇ ಚಿತ್ರಕಾರನಿಗೆ ಮೊದಲನೆಯ ತೊಡಕು ಎಂಬುದನ್ನೂ ಹೇಳಿಬಿಡಬೇಕು. ಬಾಲ್ಯದಲ್ಲಿ ನಾವೆಲ್ಲರೂ ಸ್ಲೇಟಿನ ಮೇಲೆ ಎರಡು ಮುಕ್ಕೋನಗಳನ್ನು ಬರೆದು, ಅವುಗಳ ನಡುವೆ ಒಂದು ಅರ್ಧವೃತ್ತವನ್ನಿಟ್ಟು, ಅದರ ಸುತ್ತ ಕಡ್ಡಿ ಕಡ್ಡಿಯಾಗಿ ಕಿರಣಗಳನ್ನೆಳೆದು, ಪಕ್ಕದಲ್ಲೊಂದು ತೆಂಗಿನ ಮರವನ್ನು ನಿಲ್ಲಿಸಿದವರೇ. ಆ ಚಿತ್ರವು ಮನಸ್ಸಿನಲ್ಲಿ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಮುಂದೆ ನಿಜವಾದ ಬೆಟ್ಟದೆದುರಿಗೆ ಬಣ್ಣದ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಕುಳಿತಾಗಲೂ ಕೈ ಬರೆಯುವುದು ಅದನ್ನೇ. ಕಣ್ಣು ನೋಡುತ್ತಿರುವುದೊಂದು, ಕೈ ಬರೆಯುತ್ತಿರುವುದು ಇನ್ನೊಂದು.

ಈ ಮಾತು ನಮ್ಮ ಸ್ವಂತ ಅನುಭವದಿಂದ ಬಂದುದು. ಆಗುಂಬೆಯ ಹೆಸರನ್ನು ನೀವೆಲ್ಲರೂ ಕೇಳಿರುವಿರಿ. ಅದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ಅಂಚಿನಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 2,100 ಅಡಿ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ರಸ್ತೆಯು 14 ತಿರುವುಗಳನ್ನು ಸುತ್ತಿ ಸೋಮೇಶ್ವರದ ಕಡೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಅಲ್ಲಿ ಸೂರ್ಯನ ಸುಳಿವೇ ಅಪರೂಪ. ನವೆಂಬರಿನಿಂದ ಜನವರಿಯವರೆಗೆ ಆಕಾಶವು ತಿಳಿಯಾಗಿರುವ ಸಂಜೆಗಳಲ್ಲಿ ಮಾತ್ರ, 25 ಮೈಲಿಗೂ ಮಿಕ್ಕ ದೂರದಲ್ಲಿರುವ ಅರಬ್ಬೀ ಸಮುದ್ರದೊಳಕ್ಕೆ ಅವನು ಇಳಿಯುವುದನ್ನು ಕಾಣಬಹುದು. ಕಾಲ ಬಳಿಯಲ್ಲಿ ನಿತ್ಯಹಸುರಿನ ಕಾಡು. ಅದರಾಚೆ ಒಂದರ ಹಿಂದೊಂದು ಇಳಿದುಹೋಗುವ ಬೆಟ್ಟದ ಹೆಗಲುಗಳು. ಅವುಗಳಾಚೆ ಮಬ್ಬಿನಲ್ಲಿ ಮುಳುಗಿದ ಕರಾವಳಿಯ ಬಯಲು. ಕಡೆಗೆ ಬೆಳ್ಳಿಯ ಎಳೆಯಂತೆ ಕಡಲು. ಚಿತ್ರಕ್ಕೆ ಇದಕ್ಕಿಂತ ಏನು ಬೇಕು?

ನಾವು ಮೊದಲ ಸಲ ಅಲ್ಲಿಗೆ ಹೋದಾಗ ಸಂತೋಷದಿಂದ ಒಂದು ಚಿತ್ರವನ್ನು ಬರೆದೆವು. ಆಕಾಶಕ್ಕೆ ಪೆಟ್ಟಿಗೆಯಲ್ಲಿದ್ದ ಕೆಂಪುಗಳನ್ನೆಲ್ಲ ಸುರಿದೆವು. ರೂಪಾಯಿಯ ಗಾತ್ರದ ಸೂರ್ಯನನ್ನು ಇಟ್ಟೆವು. ಮರಗಳಿಗೆ ಹಸುರನ್ನು, ಬೆಟ್ಟಗಳಿಗೆ ನೀಲಿಯನ್ನು ಹಚ್ಚಿದೆವು; ಮರ ಹಸುರು, ಬೆಟ್ಟ ನೀಲಿ ಎಂದು ಯಾರಿಗೆ ಗೊತ್ತಿಲ್ಲ? ಆ ತೇವದ ಗಾಳಿಯಲ್ಲಿ ಆಕಾಶದ ನೀರು ಆರುವುದಕ್ಕೂ ಕಾಯಲಿಲ್ಲ. ಬೆಟ್ಟದ ನೀಲಿಯು ಮೇಲಕ್ಕೆ ಹರಿದು ಕೆಂಪಿನೊಡನೆ ಕೂಡಿ ಕೆಸರಾಯಿತು. ಅದನ್ನು ಮೋಡವೆಂದು ಕರೆದು ಸಮಾಧಾನ ಮಾಡಿಕೊಂಡೆವು. ಊರಿಗೆ ಬಂದು ಚಿತ್ರಕಲೆಯಲ್ಲಿ ಪಳಗಿದ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಬಳಿಕ ತಮ್ಮ ಹೆಬ್ಬೆರಳನ್ನು ನಮ್ಮ ಸೂರ್ಯನ ಮೇಲೂ ಅಂಗೈಯನ್ನು ಆಕಾಶದ ಮೇಲೂ ಇಟ್ಟು ಮುಚ್ಚಿ, “ಈಗ ಹೇಳಪ್ಪ, ಇದು ಎಷ್ಟು ಹೊತ್ತಿನ ಕಾಡು?” ಎಂದು ಕೇಳಿದರು.

ನಾವು ನೋಡಿದೆವು. ಅದು ಮಧ್ಯಾಹ್ನದ ಕಾಡಾಗಿದ್ದಿತು. ಬೆಳಗಿನ ಕಾಡೆಂದರೂ ನಡೆಯುತ್ತಿದ್ದಿತು. ಸಂಜೆ ಎಂಬುದು ಅವರ ಅಂಗೈಯ ಕೆಳಗೆ ಮುಚ್ಚಿಹೋಗಿದ್ದಿತು. ಒಂದು ಎಲೆಯ ಮೇಲಾಗಲಿ, ಒಂದು ಬಂಡೆಯ ಮೇಲಾಗಲಿ ಅದರ ಗುರುತಿರಲಿಲ್ಲ.

ಈ ಸಂಜೆ ನಾವು ನಿಮ್ಮ ಮುಂದಿಡಬೇಕೆಂದಿರುವುದು ಆ ಹೆಬ್ಬೆರಳಿನ ಪರೀಕ್ಷೆಯೊಂದನ್ನೇ. ಸೂರ್ಯನನ್ನು ಮುಚ್ಚಿದ ಮೇಲೂ ಯಾವ ಚಿತ್ರದಲ್ಲಿ ಸಂಜೆಯು ಉಳಿಯುವುದೋ ಅದು ಸೂರ್ಯಾಸ್ತಮಯದ ಚಿತ್ರ. ಉಳಿಯದಿದ್ದರೆ ಅದು ಕೆಂಪು ಪರದೆಯ ಮುಂದೆ ನಿಲ್ಲಿಸಿದ ಮರ, ಅಷ್ಟೆ.

ನಮ್ಮ ಪೂರ್ವಿಕರಿಗೂ ಈ ಮರ್ಮವು ತಿಳಿದಿದ್ದಿತೆಂದು ತೋರುತ್ತದೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಸಂಧ್ಯೆಯನ್ನು ಕೆಂಪಿನಿಂದ ಸೂಚಿಸಬೇಕೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ; ಸಂಧ್ಯಾಕಾಲದ ನಿಯಮದಲ್ಲಿ ತೊಡಗಿರುವ ದ್ವಿಜರನ್ನೂ ತೋರಿಸಬೇಕೆನ್ನುತ್ತದೆ. ಎಂದರೆ ಹೊತ್ತು ಎಂಬುದು ಆಕಾಶದಲ್ಲಿ ಮಾತ್ರ ಇರುವುದಲ್ಲ, ನೆಲದ ಮೇಲಿರುವವರಲ್ಲಿಯೂ ಕಾಣಿಸಿಕೊಳ್ಳಬೇಕು. ನಮ್ಮ ಚಿತ್ರದಲ್ಲಿ ದ್ವಿಜರಿಲ್ಲ, ಬೆಟ್ಟವೂ ಎಲೆಯೂ ಇವೆ. ಹೊತ್ತನ್ನು ಅವೇ ಹೇಳಬೇಕು.

ಇನ್ನು ಕಷ್ಟಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬೆಳಕಿನ ಬಡತನ. ಬಿಳಿಯ ಕಾಗದವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ 80 ರಿಂದ 90 ಪಾಲನ್ನು ಹಿಂದಿರುಗಿಸುತ್ತದೆ. ಕಡುಗಪ್ಪು ಬಣ್ಣವೂ 4 ಅಥವಾ 5 ಪಾಲನ್ನು ಹಿಂದಿರುಗಿಸುತ್ತದೆ. ಆದುದರಿಂದ ಚಿತ್ರಕಾರನ ಅತ್ಯಂತ ಬೆಳ್ಳಗಿನದಕ್ಕೂ ಅತ್ಯಂತ ಕಪ್ಪಿಗೂ ಇರುವ ಅಂತರ ಸುಮಾರು 20 ಪಟ್ಟು ಮಾತ್ರ. ಬೆಟ್ಟದ ಮೇಲೆ ಇಳಿಯುತ್ತಿರುವ ಸೂರ್ಯಬಿಂಬಕ್ಕೂ ಮರದ ಬುಡದ ನೆರಳಿಗೂ ಇರುವ ಅಂತರವಾದರೋ ಸಾವಿರಾರು ಪಟ್ಟು. ಸಾವಿರದ ಸಂಪತ್ತನ್ನು ಇಪ್ಪತ್ತರಲ್ಲಿ ತೋರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯು ಚಿತ್ರಕಾರನಿಗಾಗಿಯೇ ಹುಟ್ಟಿದಂತಿದೆ. ಕಾಗದದ ಬಿಳುಪಿಗಿಂತ ಹೆಚ್ಚಿನ ಬೆಳಕು ಅವನ ಬಳಿ ಇಲ್ಲ. ಇರುವ ಉಪಾಯ ಒಂದೇ: ಆ ಬಿಳುಪನ್ನು ಸೂರ್ಯನ ಬಳಿಯ ಒಂದು ಚಿಕ್ಕ ಎಡೆಗೆ ಮಾತ್ರ ಕೊಟ್ಟು, ಉಳಿದ ಎಲ್ಲವನ್ನೂ ಒಂದೊಂದು ಮೆಟ್ಟಿಲು ಕೆಳಗಿಳಿಸುವುದು. ಮೋಡಕ್ಕೆ ಬೆಳಕು ಬೇಕು, ಎಲೆಗೆ ಬೇಕು, ಬಂಡೆಗೆ ಬೇಕು ಎಂದು ಎಲ್ಲರಿಗೂ ಹಂಚಿದರೆ ಸೂರ್ಯನಿಗೆ ಏನೂ ಉಳಿಯುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ಎಸ್. ಎಲ್. ಹಲ್ದಣ್‌ಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಜ್ಞಾಪಿಸಿಕೊಳ್ಳಬಹುದು. ಕೈಯಲ್ಲಿ ಹಿಡಿದ ದೀಪವನ್ನು ಇನ್ನೊಂದು ಕೈಯಿಂದ ಮರೆಮಾಡಿಕೊಂಡಿದ್ದಾಳೆ. ಬೆರಳುಗಳ ಸಂದಿಯಲ್ಲಿ ರಕ್ತದ ಕೆಂಪು ಹೊಳೆಯುತ್ತದೆ. ಅದು ನೀರುಬಣ್ಣದ ಚಿತ್ರ. ನೋಡಿದವರು ಆ ದೀಪವನ್ನು ಮೆಚ್ಚುತ್ತಾರೆ. ಆದರೆ ದೀಪವನ್ನು ಹೊತ್ತಿಸಿರುವುದು ಸುತ್ತಲಿನ ಕತ್ತಲೆ. ಆ ಕತ್ತಲೆಯನ್ನು ಅಷ್ಟು ತಾಳ್ಮೆಯಿಂದ, ಪದರ ಪದರವಾಗಿ, ಎಲ್ಲಿಯೂ ಮಸಿಯಾಗದಂತೆ ಬರೆದುದರಿಂದಲೇ ಬೆಳಕಿಗೆ ಬೆಲೆ ಬಂದಿತು. ಬೆಟ್ಟದ ಸಂಜೆಯನ್ನು ಬರೆಯತಕ್ಕವನಿಗೆ ಅದಕ್ಕಿಂತ ಒಳ್ಳೆಯ ಗುರು ಸಿಕ್ಕಲಾರದು.

ಕೆಲವು ವೇಳೆ ಬೆಳಕಿನ ಬಡತನವನ್ನು ಬಣ್ಣದಿಂದಲೂ ನೀಗಿಸಬಹುದು. ಫ್ರಾನ್ಸಿನ ಕ್ಲೋಡ್ ಮೋನೆಯು 1872ರಲ್ಲಿ ಲ ಆವ್ರ್ ಬಂದರಿನ ಒಂದು ಚಿತ್ರವನ್ನು ಬರೆದನು. ಅದು ಉದಯದ ಚಿತ್ರ. ಪಾಠ ಮಾತ್ರ ಅಸ್ತಮಯಕ್ಕೂ ಸಲ್ಲುವುದು. ಬೂದು ನೀಲಿಯ ಮಂಜಿನ ನಡುವೆ ಕಿತ್ತಿಳೆಯ ಬಣ್ಣದ ಒಂದು ಚಿಕ್ಕ ಸೂರ್ಯ. ಅದರ ಕಪ್ಪು ಬಿಳುಪಿನ ಛಾಯಾಚಿತ್ರವನ್ನು ತೆಗೆದರೆ ಸೂರ್ಯನು ಬಹುಮಟ್ಟಿಗೆ ಮಾಯವಾಗುತ್ತಾನೆ. ಸೂರ್ಯನ ಬೆಳಕಿನ ಪ್ರಮಾಣವೂ ಸುತ್ತಲ ಮಂಜಿನ ಬೆಳಕಿನ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ ಎಂದಾಯಿತು. ಅವನು ಹೊಳೆಯುತ್ತಿರುವುದು ಬೆಳ್ಳಗಿರುವುದರಿಂದಲ್ಲ, ತಣ್ಣನೆಯ ಬೂದಿಯ ನಡುವೆ ತಾನೊಬ್ಬನೇ ಬೆಚ್ಚಗಿರುವುದರಿಂದ. ಆ ಬೂದಿಯನ್ನು ಬರೆಯಲು ಬೇಸರಪಟ್ಟಿದ್ದರೆ ಸೂರ್ಯನು ದೊರೆಯುತ್ತಿರಲಿಲ್ಲ.

ಸೂರ್ಯನ ಗಾತ್ರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬಿಂಬದ ಅಗಲ ಆಕಾಶದಲ್ಲಿ ಅರ್ಧ ಅಂಶ ಮಾತ್ರ. ತೋಳನ್ನು ನೀಳವಾಗಿ ಚಾಚಿ ಹಿಡಿದರೆ ಕಿರುಬೆರಳಿನ ತುದಿಯು ಅದನ್ನು ಸಲೀಸಾಗಿ ಮುಚ್ಚುತ್ತದೆ. 15 ಅಂಗುಲ ಅಗಲದ ಕಾಗದದಲ್ಲಿ ನೋಟದ 40 ಅಂಶಗಳನ್ನು ಬರೆಯುವುದಾದರೆ, ಲೆಕ್ಕಕ್ಕೆ ಸರಿಯಾದ ಸೂರ್ಯನು ಅಂಗುಲದ ಐದನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ, ಒಂದು ತೊಗರಿಕಾಳಿನಷ್ಟು. ನಮ್ಮ ರೂಪಾಯಿ ಎಲ್ಲಿ, ಈ ಕಾಳೆಲ್ಲಿ! ಬಿಂಬವನ್ನು ನೆಟ್ಟ ದೃಷ್ಟಿಯಿಂದ ನೋಡಬೇಡಿರೆಂದೂ ಹೇಳಬೇಕು. ಕಣ್ಣಿಗೆ ಕೇಡು ಒಂದು ಕಡೆ. ಆಮೇಲೆ ಕಾಗದದ ಮೇಲೆಲ್ಲ ಹಸುರು ಚುಕ್ಕೆಗಳು ಕುಣಿದಾಡಿ ಯಾವ ಬಣ್ಣವೂ ನಿಜವಾಗಿ ಕಾಣದು. ಪುಸ್ತಕವನ್ನೋ ಹಲಗೆಯನ್ನೋ ಅಡ್ಡ ಹಿಡಿದು ಉಳಿದುದನ್ನು ನೋಡುವುದು ಮೇಲು.

ಎರಡನೆಯ ಕಷ್ಟ ಕಾಲದ್ದು. ಚಿತ್ರಕಲೆಯನ್ನು ಕುರಿತ ಇಂಗ್ಲಿಷ್ ಪುಸ್ತಕಗಳನ್ನು ಓದಿ ಹೊರಡುವವರು ಇಲ್ಲಿ ಮೋಸಹೋಗುತ್ತಾರೆ. ಆ ದೇಶದಲ್ಲಿ ಸೂರ್ಯನು ಓರೆಯಾಗಿ ಜಾರುತ್ತಾ ಮುಳುಗುತ್ತಾನೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಬಿಂಬವು ಕ್ಷಿತಿಜವನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಆ ಬಳಿಕವೂ ಮುಕ್ಕಾಲು ಗಂಟೆಯ ತನಕ ಕೆಲಸಕ್ಕೆ ಬರುವ ಬೆಳಕಿರುತ್ತದೆ. ನಮ್ಮಲ್ಲಿ ಅವನು ಹೆಚ್ಚು ಕಡಿಮೆ ನೇರವಾಗಿ ಇಳಿಯುತ್ತಾನೆ. ಆಗುಂಬೆಯಲ್ಲಿ ಬಿಂಬವು ಮುಳುಗಲು ಎರಡೂವರೆ ನಿಮಿಷ ಸಾಕು. ಮುಂದಿನ 25 ನಿಮಿಷಗಳೊಳಗಾಗಿ ಕುಂಚದ ತುದಿ ಕಾಣದಷ್ಟು ಕತ್ತಲೆಯಾಗುತ್ತದೆ. ಅಷ್ಟರಲ್ಲಿ ಬಣ್ಣಗಳು ಹತ್ತಾರು ಸಲ ಬದಲಾಗಿರುತ್ತವೆ. ಬೆನ್ನಟ್ಟಿಕೊಂಡು ಹೋದರೆ ಆಕಾಶವು ಆರೂ ಕಾಲು ಗಂಟೆಯದೂ ಮರವು ಆರೂವರೆ ಗಂಟೆಯದೂ ಆಗಿ ಚಿತ್ರದೊಳಗೆ ಎರಡು ಗಡಿಯಾರಗಳು ನಡೆಯತೊಡಗುತ್ತವೆ.

ಇದಕ್ಕೆ ಮದ್ದು, ಒಂದು ಕ್ಷಣವನ್ನು ಆರಿಸಿಕೊಂಡು ಅದಕ್ಕೆ ಕಟ್ಟುಬೀಳುವುದು. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿಯು ಸಿಡಿದು ಲೋಕದ ಸಂಜೆಗಳೆಲ್ಲ ವಿಚಿತ್ರವಾಗಿ ಕೆಂಪೇರಿದಾಗ, ಲಂಡನ್ನಿನ ಚೆಲ್ಸಿಯಲ್ಲಿದ್ದ ವಿಲಿಯಂ ಆಸ್‌ಕ್ರಾಫ್ಟ್ ಎಂಬ ಚಿತ್ರಕಾರನು ಥೇಮ್ಸ್ ನದಿಯ ದಂಡೆಯಲ್ಲಿ ಕುಳಿತು 500ಕ್ಕೂ ಹೆಚ್ಚು ಆಕಾಶಗಳನ್ನು ಬಣ್ಣದ ಕಡ್ಡಿಯಿಂದ ಗುರುತಿಸಿದನು. ಅವುಗಳಲ್ಲಿ ಕೆಲವು ರಾಯಲ್ ಸೊಸೈಟಿಯು 1888ರಲ್ಲಿ ಹೊರಡಿಸಿದ ವರದಿಯ ಮೊದಲಲ್ಲಿ ಅಚ್ಚಾದುವು. ಒಂದು ಕಾಗದಕ್ಕೆ ಒಂದು ಗಳಿಗೆ. ಗಳಿಗೆ ಕಳೆದರೆ ಬೇರೆ ಕಾಗದ. ನಾವು 500 ಬರೆಯಬೇಕಾಗಿಲ್ಲ. ಅಂಗೈಯಗಲದ ನಾಲ್ಕು ಬರೆದರೆ ಸಾಕು. ಅದರೊಡನೆ ಮಾತಿನಲ್ಲಿಯೂ ಬರೆದುಕೊಳ್ಳುವುದೊಳಿತು: ‘ಮೂರನೆಯ ಸಾಲು, ಆಕಾಶಕ್ಕಿಂತ ಒಂದೇ ಮೆಟ್ಟಿಲು ಕಡಿಮೆ, ಬುಡದಲ್ಲಿ ಮಬ್ಬು, ನೇರಳೆಗಿಂತ ಬೂದಿ ಹೆಚ್ಚು’ ಎಂಬಂತೆ. ದೊಡ್ಡ ಚಿತ್ರವನ್ನು ಮರುದಿನ ಬೆಳಗಿನ ಬೆಳಕಿನಲ್ಲಿ ಬರೆಯಬಹುದು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಸಂಜೆಯ ಬೆಳಕು ನಮ್ಮ ಕಾಗದದ ಮೇಲೂ ಬೀಳುತ್ತಿರುತ್ತದೆ. ಕಾಗದವೇ ಹೊಂಬಣ್ಣಕ್ಕೆ ತಿರುಗಿರುವಾಗ ನಾವು ಹಚ್ಚಿದ ಹಳದಿಯು ಕಾಣುವುದಿಲ್ಲ. ಸಾಲದೆಂದು ಇನ್ನಷ್ಟು ಹಚ್ಚುತ್ತೇವೆ. ಮರುದಿನ ಬಿಚ್ಚಿ ನೋಡಿದರೆ ಆಕಾಶಕ್ಕೆಲ್ಲ ಅರಿಸಿನ ಬಳಿದಂತಿರುತ್ತದೆ.

ಮೂರನೆಯದು ಎಲೆ. ನಮ್ಮ ಬೆಟ್ಟಗಳ ವಿಶೇಷವೇ ಇದು. ಜಗನ್ಮೋಹನ ಅರಮನೆಯಲ್ಲಿ ನಿಕೊಲಸ್ ರೋರಿಕ್ ಅವರ ಚಿತ್ರಗಳನ್ನು ನೋಡಿದವರಿಗೆ ಅವರ ಹಿಮಾಲಯದ ಗುರುತಿರಬಹುದು: ಒಂದೊಂದು ಶಿಖರಕ್ಕೂ ಒಂದೊಂದು ಅಚ್ಚುಕಟ್ಟಾದ ಬಣ್ಣ. ಅಲ್ಲಿ ಹಿಮವೂ ಕಲ್ಲೂ ಇವೆ. ಹಿಮವು ಬಂದ ಬೆಳಕನ್ನು ಹಾಗೆಯೇ ಹಿಂದಿರುಗಿಸುತ್ತದೆ, ಆದುದರಿಂದ ಶಿಖರವೆಲ್ಲ ಕೆಂಪಾಗಿ ಉರಿಯುತ್ತದೆ. ಸಹ್ಯಾದ್ರಿಯ ಮೈಮೇಲೆ ಹಿಮವಿಲ್ಲ, ಎಲೆಯಿದೆ. ಎಲೆಯು ಕೆಂಪನ್ನು ಕುಡಿದುಬಿಡುತ್ತದೆ. ಕೆಂಪು ಬೆಳಕಿನಲ್ಲಿ ಹಸುರು ಕೆಂಪಾಗುವುದಿಲ್ಲ. ಕಂದು ಬೆರೆತು ಮಂಕಾಗುತ್ತದೆ. ಆದುದರಿಂದ ಕೊಳವೆಯಿಂದ ಹಿಂಡಿದ ಹಸುರಿಗೆ ಸಂಜೆಯ ಚಿತ್ರದಲ್ಲಿ ಎಡೆಯೇ ಇಲ್ಲವೆಂದು ಹೇಳಿದರೂ ತಪ್ಪಾಗಲಾರದು. ಸ್ವಲ್ಪ ಕಾವಿಯನ್ನು ಬೆರೆಸಿದೊಡನೆ ಆ ಹಸುರು ಹೊತ್ತಿಗೆ ತಕ್ಕಂತಾಗುತ್ತದೆ.

ಎಲೆಯ ಬಣ್ಣವು ಒಂದಲ್ಲ, ಎರಡು. ಸೂರ್ಯನು ಎಲೆಯ ಹಿಂದಿದ್ದರೆ ಬೆಳಕು ಅದರ ಮೂಲಕ ಹಾದುಬರುತ್ತದೆ; ಆಗ ಅದು ಹಳದಿ ಬೆರೆತ ಹಸುರಾಗಿ, ಚಿಕ್ಕ ಸೊಡರಿನಂತೆ ಹೊಳೆಯುತ್ತದೆ. ಅದೇ ಎಲೆಯ ನುಣುಪಾದ ಮೇಲ್ಮೈ ನಮ್ಮ ಕಡೆಗಿದ್ದರೆ ಅದು ತನ್ನ ಬಣ್ಣಕ್ಕಿಂತ ಹೆಚ್ಚಾಗಿ ಎದುರಿನ ಆಕಾಶದ ಬಣ್ಣವನ್ನೇ ತೋರಿಸುತ್ತದೆ. ಎದುರಿನ ಆಕಾಶ ಯಾವುದು? ಪಶ್ಚಿಮವಲ್ಲ, ನಮ್ಮ ಬೆನ್ನ ಹಿಂದಿರುವ ಪೂರ್ವ! ಸೂರ್ಯನನ್ನು ನೋಡಬಂದವರಲ್ಲಿ ನೂರಕ್ಕೆ ಒಬ್ಬರೂ ಹಿಂದಿರುಗಿ ನೋಡುವುದಿಲ್ಲ. ನೋಡಿದರೆ ಒಂದು ಸೊಗಸು ಕಾದಿರುತ್ತದೆ. ಸೂರ್ಯನು ಮುಳುಗಿದ ಕೆಲವು ನಿಮಿಷಗಳಲ್ಲಿ ಪೂರ್ವದಿಕ್ಕಿನ ಕೆಳಗಡೆ ನೀಲಿ ಬೂದಿಯ ಒಂದು ಪಟ್ಟಿಯು ಏಳುತ್ತದೆ. ಅದರ ಮೇಲೆ ತಿಳಿಗೆಂಪಿನ ಇನ್ನೊಂದು ಪಟ್ಟಿ. ಕೆಳಗಿನದು ವಾಯುಮಂಡಲದ ಮೇಲೆ ಬಿದ್ದ ನಮ್ಮ ಭೂಮಿಯದೇ ನೆರಳು. ಈ ಗುಲಾಬಿ, ಈ ನೀಲಿ ಎರಡೂ ಸೇರಿ ನಮ್ಮ ಮುಂದಿನ ಮರದ ಮೇಲೆ ಬೀಳುತ್ತಿರುತ್ತವೆ. ಸಂಜೆಯ ನೆರಳು ಕಪ್ಪಲ್ಲ, ನೇರಳೆ ಎಂದು ಚಿತ್ರಕಾರರು ಹೇಳುವುದರ ಕಾರಣವು ಅವರ ಬೆನ್ನ ಹಿಂದಿದೆ. ಹೆಬ್ಬೆರಳಿನ ಪರೀಕ್ಷೆಗೆ ಉತ್ತರವೂ ಅಲ್ಲಿಯೇ ಇದೆ.

ಮರಗಳ ಆಕಾರವೂ ಹೊತ್ತಿಗೆ ತಕ್ಕಂತೆ ಮಾತನಾಡುತ್ತದೆ. ಬಣ್ಣವು ಅಡಗಿದ ಮೇಲೆ ಉಳಿಯುವುದು ಅಂಚು. ಬೈನೆಯ ಮರವು ಜಡೆ ಇಳಿಬಿಟ್ಟಂತೆ ತನ್ನ ಹೂಗೊನೆಗಳನ್ನು ತೂಗಿಬಿಟ್ಟಿರುತ್ತದೆ; ಬಿದಿರು ಗರಿಯಂತೆ ಬಾಗುತ್ತದೆ; ಹಲಸು ಸಂದಿಲ್ಲದ ಗುಡ್ಡೆ. ಇವನ್ನೆಲ್ಲ ಒಂದೇ ಬಗೆಯ ಚುಕ್ಕೆಗಳಿಂದ ತುಂಬಿದರೆ ಅದು ಯಾವ ನಾಡಿನ ಕಾಡೂ ಅಲ್ಲ. ಎಲೆಗಳ ನಡುವಿನ ಸಂದಿಗಳಲ್ಲಿ ಕಾಣುವ ಆಕಾಶವನ್ನು ಹೊರಗಿನ ಆಕಾಶಕ್ಕಿಂತ ತುಸು ಮಂಕಾಗಿ ಬರೆಯಬೇಕು; ಇಲ್ಲವಾದರೆ ಮರಕ್ಕೆ ಕಾಗದದ ಚೂರುಗಳನ್ನು ಅಂಟಿಸಿದಂತೆ ಕಾಣುತ್ತದೆ. ಸೂರ್ಯನ ಎದುರಿಗೆ ಬಂದ ಸಣ್ಣ ಕೊಂಬೆಗಳನ್ನಾದರೋ ಬೆಳಕೇ ತಿಂದುಹಾಕುತ್ತದೆ. ಅಲ್ಲಿ ಅವುಗಳನ್ನು ಕರಿಯ ಗೆರೆಯಾಗಿ ಎಳೆಯದೆ ಕೆಂಪು ಕಂದಿನಲ್ಲಿ ಮುರಿದು ಮುರಿದು ಬಿಡಬೇಕು. ಮತ್ತೊಂದು ಎಚ್ಚರಿಕೆ. ನಾಗಸಂಪಿಗೆಯಂತಹ ಮರಗಳು ಚಿಗುರಿದಾಗ ಎಳೆಯೆಲೆಯು ನಡುಹಗಲಿನಲ್ಲಿಯೂ ಕೆಂಪಾಗಿರುತ್ತದೆ. ಬೆಟ್ಟದ ಕೆಂಪೆಲ್ಲವೂ ಸೂರ್ಯನು ಕೊಟ್ಟದ್ದಲ್ಲ.

ಬೆಟ್ಟದ ಸಾಲುಗಳ ವಿಷಯಕ್ಕೆ ಬರೋಣ. ಸೂರ್ಯನು ನೆತ್ತಿಯ ಮೇಲಿದ್ದಾಗ ಅವನ ಬೆಳಕು ಹಾದುಬರುವ ಗಾಳಿಗಿಂತ, ಕ್ಷಿತಿಜದಲ್ಲಿದ್ದಾಗ ಹಾದುಬರುವ ಗಾಳಿಯು ಸುಮಾರು 38 ಪಟ್ಟು ಹೆಚ್ಚು. ದಾರಿಯಲ್ಲಿ ನೀಲಿಯು ಚದುರಿಹೋಗಿ ಕೆಂಪು ಹಳದಿಗಳು ನಮ್ಮನ್ನು ಮುಟ್ಟುತ್ತವೆ. ದೂರದ ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿಯಲ್ಲಿ ಚದುರಿದ ಈ ಬೆಳಕೇ ಬೆಟ್ಟದ ಮೇಲೆ ಮುಸುಕು ಹೊದಿಸುತ್ತದೆ. ಆದುದರಿಂದ ದೂರದ ಬೆಟ್ಟವು ಯಾವಾಗಲೂ ನೀಲಿ ಎಂಬ ಸೂತ್ರವು ಸಂಜೆಯಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ. ಸೂರ್ಯನಿಗೆ ಓರೆಯಾಗಿರುವ ಬೆಟ್ಟಗಳು ನೀಲಿ ನೇರಳೆಯಾಗಿಯೇ ಇರುತ್ತವೆ. ಸೂರ್ಯನ ಕೆಳಗೆ ನೇರವಾಗಿರುವ ಸಾಲುಗಳಾದರೋ ದೂರ ಹೋದಂತೆಲ್ಲ ಹೊನ್ನಿನ ಮಬ್ಬಿನಲ್ಲಿ ಕರಗುತ್ತವೆ. ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಮಂಜು ಸೇರುವುದರಿಂದ ಬೆಟ್ಟದ ತುದಿಯು ಕಪ್ಪಾಗಿಯೂ ಬುಡವು ತಿಳಿಯಾಗಿಯೂ ಕಾಣುತ್ತದೆ. ಬೆಟ್ಟದ ಬುಡಕ್ಕೆ ಬಣ್ಣವನ್ನು ಒತ್ತಾಗಿ ತುಂಬುವವರು ಈ ಒಂದನ್ನು ಮರೆತುದರಿಂದಲೇ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ.

ಇಷ್ಟು ತಿಳಿದ ಮೇಲೆ ಬರೆಯುವ ಕ್ರಮವು ಸುಲಭ. ಒಂದು ಗಂಟೆ ಮುಂಚಿತವಾಗಿ ಹೋಗಿ, ಸಾಮಾನ್ಯವಾದ ಬೆಳಕಿರುವಾಗಲೇ ಪೆನ್ಸಿಲಿನಿಂದ ಬೆಟ್ಟ ಮರಗಳ ಅಂಚುಗಳನ್ನು ಗುರುತಿಸಿಟ್ಟುಕೊಳ್ಳಬೇಕು. ಕ್ಷಿತಿಜವು ಕಾಗದದ ನಟ್ಟನಡುವೆ ಬರಬಾರದು. ಕಾಗದವನ್ನು ಒದ್ದೆ ಮಾಡಿ, ಸೂರ್ಯನ ಎಡೆಯನ್ನು ಬಿಟ್ಟು, ಸುತ್ತ ತಿಳಿಹಳದಿಯನ್ನು ಹರಿಸಿ, ಅದರಾಚೆ ಕೆಂಪನ್ನು, ಅದರಾಚೆ ನೀಲಿಯನ್ನು ತರಬೇಕು. ನಡುವೆ ಕೆಂಪಿಲ್ಲದೆ ಹಳದಿಯೂ ನೀಲಿಯೂ ನೇರವಾಗಿ ಕೂಡಿದರೆ ಆಕಾಶವು ಹಸುರಾಗುತ್ತದೆ. ಆಮೇಲೆ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ಆಕಾಶವು ಪೂರ್ತಿ ಆರಿದ ಮೇಲೆ ಅತ್ಯಂತ ದೂರದ ಸಾಲನ್ನು, ಅದು ಆರಿದ ಮೇಲೆ ಮುಂದಿನದನ್ನು, ಹೀಗೆ ದೂರದಿಂದ ಹತ್ತಿರಕ್ಕೆ, ತಿಳಿಯಿಂದ ಗಾಢಕ್ಕೆ ಬರಬೇಕು. ಎಲೆಗಳು ಕಡೆಗೆ. ಕಪ್ಪು ಬಣ್ಣವನ್ನು ಪೆಟ್ಟಿಗೆಯಿಂದಲೇ ತೆಗೆದುಬಿಡುವುದು ಒಳ್ಳೆಯದು. ಅಲ್ಟ್ರಾಮರೀನ್ ನೀಲಿಗೆ ಕಾವಿಯನ್ನು ಸೇರಿಸಿದರೆ ಬೇಕಾದಷ್ಟು ಗಾಢತೆ ದೊರೆಯುತ್ತದೆ, ಅದರೊಳಗೆ ಜೀವವೂ ಇರುತ್ತದೆ.

ಬಣ್ಣಗಳ ಬಾಳಿಕೆಯನ್ನೂ ವಿಚಾರಿಸಬೇಕು. ಸಂಜೆಗೆ ಬೇಕಾದ ಸುಂದರವಾದ ಬಣ್ಣಗಳೇ ಬೇಗ ಮಾಸುವುವು. ಇಂಗ್ಲೆಂಡಿನ ಟರ್ನರ್ ಸೂರ್ಯಾಸ್ತಮಯಗಳಿಗೆ ಹೆಸರಾದವನು. ಅವನು ಬಳಸಿದ ಕೆಲವು ಕೆಂಪುಗಳು ನಿಲ್ಲದೆ, ಉಜ್ಜ್ವಲವಾಗಿದ್ದ ಕೆಲವು ಆಕಾಶಗಳು ಬಿಳಿಚಿಕೊಂಡುಬಿಟ್ಟಿವೆ. ಅಲಿಜರಿನ್ ಕೆಂಪೂ ಬೆಳಕಿಗೆ ಮಾಸುತ್ತದೆ. ಗ್ಯಾಂಬೋಜ್ ಎಂಬ ಹಳದಿಯು ಗಾರ್ಸೀನಿಯ ಜಾತಿಯ ಮರಗಳ ಹಾಲಿನಿಂದ ಆಗುವುದು. ಆ ಜಾತಿಯ ಮರಗಳು ನಮ್ಮ ಸಹ್ಯಾದ್ರಿಯಲ್ಲಿಯೂ ಉಂಟು. ಎದುರಿಗಿರುವ ಕಾಡಿನ ಮರದ ಹಾಲಿನಿಂದಲೇ ಆ ಕಾಡಿನ ಸಂಜೆಯನ್ನು ಬರೆಯಬಹುದೆಂಬುದು ಮನಸ್ಸಿಗೆ ಹಿತವಾದ ಯೋಚನೆ. ಆದರೆ ಅದೂ ಬಿಸಿಲಿಗೆ ನಿಲ್ಲದು. ಕಾವಿ ಮೊದಲಾದ ಮಣ್ಣಿನ ಬಣ್ಣಗಳು ಮಾತ್ರ ನಂಬಿಕೆಗೆ ತಕ್ಕವು. ನೆರಳನ್ನೂ ಎಲೆಯನ್ನೂ ಸರಿಯಾಗಿ ಬರೆದವನಿಗೆ ಇಲ್ಲಿಯೂ ಲಾಭವುಂಟು. ಆಕಾಶದ ಕೆಂಪು ತುಸು ಮಾಸಿದರೂ ಅವನ ಸಂಜೆಯು ಮಾಸುವುದಿಲ್ಲ.

ನಮ್ಮ ನಾಡಿನಲ್ಲಿ ಈ ಸಂಯಮವನ್ನು ಸಾಧಿಸಿದವರಲ್ಲಿ ಕೆ. ವೆಂಕಟಪ್ಪನವರ ಹೆಸರು ಮೊದಲು ಬರುತ್ತದೆ. ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಅವರು, 1920ರ ದಶಕದಲ್ಲಿ ಉದಕಮಂಡಲದಲ್ಲಿಯೂ 1934ರಲ್ಲಿ ಕೊಡೈಕೆನಾಲಿನಲ್ಲಿಯೂ ಕುಳಿತು ಬೆಟ್ಟ, ಕೆರೆ, ಮಂಜು, ಬೆಳುದಿಂಗಳುಗಳನ್ನು ನೀರುಬಣ್ಣದಲ್ಲಿ ಬರೆದರು. ಅವರು 1965ರಲ್ಲಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಅವರ ಹೆಸರಿನಿಂದಲೇ ಚಿತ್ರಶಾಲೆಯೊಂದು ಕಟ್ಟಲ್ಪಟ್ಟಿತು. ಆ ಬೆಟ್ಟದ ಚಿತ್ರಗಳಲ್ಲಿ ಕಣ್ಣನ್ನು ಕುಕ್ಕುವ ಬಣ್ಣವೊಂದೂ ಇಲ್ಲ. ಆದರೂ ಗಾಳಿಯ ತಂಪು ಎಷ್ಟು, ಹೊತ್ತು ಎಷ್ಟು ಎಂಬುದನ್ನು ನೋಡುವವನು ಮೈಯಿಂದಲೇ ಅರಿಯುತ್ತಾನೆ. ವೀಣೆಯ ತಂತಿಯನ್ನು ಎಷ್ಟು ಮೀಟಬೇಕೆಂದು ಬಲ್ಲ ಕೈಗೆ ಕುಂಚವನ್ನು ಎಷ್ಟು ಒತ್ತಬೇಕೆಂಬುದೂ ತಿಳಿದಿದ್ದುದರಲ್ಲಿ ಸೋಜಿಗವಿಲ್ಲ.

ಕೇಳುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಕುಂಚವನ್ನು ಹಿಡಿಯತಕ್ಕವರಲ್ಲವೆಂದು ನಮಗೆ ಗೊತ್ತು. ಆದರೆ ನೋಡುವುದಕ್ಕೆ ಕುಂಚವು ಬೇಕಿಲ್ಲ. ನಾಳೆಯ ಸಂಜೆ ಮನೆಯ ಮಾಳಿಗೆಯ ಮೇಲೆ ನಿಂತು, ಸೂರ್ಯನು ಮುಳುಗುವಾಗ ಅವನ ಕಡೆಗೆ ಬೆನ್ನು ಮಾಡಿ ಹತ್ತು ನಿಮಿಷ ಸುತ್ತಲಿನ ವಸ್ತುಗಳನ್ನು ನೋಡಿರಿ. ಮೈಸೂರಿನಲ್ಲಿರುವವರಿಗೆ ಚಾಮುಂಡಿ ಬೆಟ್ಟವು ಪಡುವಣ ಬೆಳಕನ್ನು ಎದುರಿಗೇ ಹೊತ್ತು ನಿಂತಿರುವುದು ಕಾಣುತ್ತದೆ. ಅಂಗಳದ ದಾಸವಾಳದ ಗಿಡವಿದ್ದರೆ ಅದನ್ನೂ ಗಮನಿಸಿರಿ: ಬೆಳಕು ಕುಗ್ಗಿದಂತೆ ಕೆಂಪು ಹೂವು ಮೊದಲು ಕಪ್ಪಾಗುತ್ತದೆ, ಎಲೆಗಳು ಅದಕ್ಕಿಂತ ತಿಳಿಯಾಗಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಹಗಲೆಲ್ಲ ಮೆರೆದ ಹೂವು ಮುಂಚೆ ಅಡಗಿ, ಯಾರೂ ನೋಡದಿದ್ದ ಎಲೆಯು ಕಡೆಯ ಬೆಳಕನ್ನು ಹಿಡಿದಿರುತ್ತದೆ.

ನಮ್ಮ ಆಗುಂಬೆಯ ಆ ಮೊದಲ ಚಿತ್ರವನ್ನು ಹರಿದುಹಾಕಿಲ್ಲ. ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇವೆ. ಹೊಸದೊಂದನ್ನು ಬರೆದು ಮುಗಿಸಿದಾಗಲೆಲ್ಲ ಅದನ್ನು ಹೊರತೆಗೆದು ಪಕ್ಕದಲ್ಲಿಟ್ಟುಕೊಂಡು, ಹೊಸ ಚಿತ್ರದ ಸೂರ್ಯನ ಮೇಲೆ ಹೆಬ್ಬೆರಳನ್ನಿಟ್ಟು ನೋಡುತ್ತೇವೆ. ಈವರೆಗೆ ಎರಡು ಮೂರು ಸಲ ಮಾತ್ರ ಹೊತ್ತು ಸಂಜೆಯಾಗಿಯೇ ಉಳಿದಿದೆ.